ಮಗಳಿಗೆ ನಾರ್ಸ್ ದೇವತೆಯ ಹೆಸರು: ಇಟ್ಟವರು ಅನುಭವ ಹೇಳಿ

ಪ್ರಶ್ನೆ: ನಾನಿರುವುದು ಸ್ಟಾಕ್‌ಹೋಮ್‌ನಲ್ಲಿ. ಗಂಡ ಇಲ್ಲಿಯವರೇ. ಮಗಳು ಹುಟ್ಟಿ ಮೂರು ವಾರ. ಗಂಡನಿಗೆ ನಾರ್ಸ್, ಅಂದರೆ ಇಲ್ಲಿಯ ಉತ್ತರ ಯುರೋಪಿನ ಹಳೆಯ ಪುರಾಣದ ದೇವತೆಯ ಹೆಸರಿಡುವ ಆಸೆ. ಅಮ್ಮ ಮಾತ್ರ ಶತಭಿಷ ನಕ್ಷತ್ರ, ಗೋ, ಸಾ, ಸೀ, ಸೂ ಅಕ್ಷರದಲ್ಲೇ ಇಡಿ ಅನ್ನುತ್ತಾರೆ. ಎರಡೂ ಕೂಡಿ ಬರುವ ಹೆಸರು ಇದೆಯಾ?

ಉತ್ತರ 1: ಇದೆ ತಂಗಿ. ನಮ್ಮ ಮಗಳು ಸಾಗಾ, ಈಗ ಆರು ವರ್ಷ. ಸಾಗಾ ದೇವತೆಯ ಮನೆಯ ಮೇಲೆ ತಣ್ಣನೆಯ ಅಲೆಗಳು ಮೊರೆಯುತ್ತವಂತೆ. ದೇವರುಗಳ ಒಡೆಯ ಓಡಿನ್ ದಿನಾ ಅಲ್ಲಿಗೆ ಹೋಗಿ, ಅವಳ ಜೊತೆ ಕೂತು ಚಿನ್ನದ ಬಟ್ಟಲಲ್ಲಿ ಕುಡಿಯುತ್ತಾನೆ. ಸ್ವೀಡಿಷ್‌ನಲ್ಲಿ ಸಾಗಾ ಅಂದರೆ ಕಥೆ ಅಂತಲೂ ಅರ್ಥ. ಊರಲ್ಲಿ ಕೆಲವರಿಗೆ ಮೊದಲು ಪೂರಿ ಜೊತೆಗಿನ ಸಾಗು ಅಂತ ಕೇಳಿಸಿತು. ನನಗೆ ಬೇಜಾರಾಗಿತ್ತು. ಆದರೆ ನಮ್ಮಮ್ಮ ಮೊದಲ ದಿನವೇ "ಸಾಗಮ್ಮ" ಅಂತ ಕರೆದರು. ಆ ಹೆಸರೇ ನಿಂತಿತು.

ಉತ್ತರ 2: ಸೀ ಅಕ್ಷರಕ್ಕೆ ಸೀವ್ ಇದೆ. ಗುಡುಗಿನ ದೇವರು ಥಾರ್‌ನ ಹೆಂಡತಿ. ಕಿತಾಪತಿಯ ಲೋಕಿ ಅವಳ ಕೂದಲು ಕತ್ತರಿಸಿಬಿಟ್ಟ. ಆಮೇಲೆ ಪುರಾಣದ ಕುಳ್ಳ ಕಮ್ಮಾರರು ಚಿನ್ನದ ಕೂದಲು ಮಾಡಿಕೊಟ್ಟರು, ಅದು ನಿಜವಾದ ಕೂದಲಿನ ಹಾಗೇ ಬೆಳೆಯಿತು. ಎಷ್ಟು ಚೆಂದದ ಕಥೆ, ಅಲ್ವಾ? ಆದರೆ ಇಲ್ಲಿ ಅದು ಅಜ್ಜಿಯರ ಕಾಲದ ಹೆಸರು. ನಮ್ಮ ಕಡೆ ಪಾಸ್‌ಪೋರ್ಟ್ ನೋಡಿದವರು ಶಿವ್ ಅಂತ ಓದಿ ಹುಡುಗ ಅಂದುಕೊಳ್ಳಬಹುದು. ಅದಕ್ಕೇ ನಾವು ಕೈಬಿಟ್ಟು ಸಿಗ್ರೂನ್ ಇಟ್ಟೆವು. ವೀರ ಹೆಲ್ಗಿಯನ್ನು ಮೆಚ್ಚಿ ಮದುವೆಯಾದ ವಾಲ್ಕಿರಿ, ಅಂದರೆ ಓಡಿನ್‌ಗಾಗಿ ಯುದ್ಧದಲ್ಲಿ ಸತ್ತ ವೀರರನ್ನು ಆರಿಸುವ ಕನ್ಯೆ ಅವಳು. "ಸಿಗ್" ಅಂದರೆ ಗೆಲುವು.

ಉತ್ತರ 3: ಅಕ್ಷರಕ್ಕೆ ಅಷ್ಟು ಕಟ್ಟುಬೀಳಬೇಡಿ ಅಕ್ಕ. ನಾವು ನಕ್ಷತ್ರದ ಹೆಸರನ್ನು ನಾಮಕರಣದಲ್ಲಿ ಕಿವಿಯಲ್ಲಿ ಹೇಳಿದೆವು. ದಾಖಲೆಗೆ ಪ್ರೇಮದ ದೇವತೆ ಫ್ರೇಯಾ ಹೆಸರು ಕೊಟ್ಟೆವು. ಎರಡು ಬೆಕ್ಕುಗಳು ಎಳೆಯುವ ರಥ ಅವಳದು. ದೂರ ಹೋದ ಗಂಡನಿಗಾಗಿ ಅತ್ತರೆ ಕಣ್ಣೀರು ಕೆಂಪು ಚಿನ್ನವಾಗುತ್ತದೆ. ಯುದ್ಧದಲ್ಲಿ ಸತ್ತವರಲ್ಲಿ ಅರ್ಧ ಜನರನ್ನು ಕರೆದುಕೊಳ್ಳುವವಳೂ ಅವಳೇ. ಸುಮ್ನೆ ಸುಂದರಿ ಅಲ್ಲ, ಗಟ್ಟಿಗಿತ್ತಿ. ಶ್ರೇಯಾ ಹೆಸರಿಗೆ ಹತ್ತಿರ ಇರುವುದರಿಂದ ಅಜ್ಜ ಅಜ್ಜಿಗೂ ಬೇಗ ರೂಢಿಯಾಯಿತು. ಒಂದೇ ತೊಂದರೆ, ಈ ಹೆಸರಿನ ಮಕ್ಕಳು ಇಲ್ಲಿ ಜಾಸ್ತಿ. ಎಂಬ್ಲಾ ಕೂಡ ನೋಡಿ. ಕಡಲ ದಡದ ಮರದ ದಿಮ್ಮಿಯಿಂದ ದೇವರುಗಳು ಮಾಡಿದ ಮೊದಲ ಹೆಣ್ಣು ಅವಳು. ಸ್ವೀಡನ್‌ನಲ್ಲಿ ಹೆಸರು ಕೊಡಲು ಹುಟ್ಟಿದ 3 ತಿಂಗಳು ಸಮಯ ಇದೆ. ಅಷ್ಟರೊಳಗೆ ಅಮ್ಮನಿಗೆ ಫೋನ್ ಮಾಡಿ, ಒಂದೊಂದು ಹೆಸರನ್ನೂ ಜೋರಾಗಿ ಕೂಗಿಸಿ ಕೇಳಿ.