ಬೇಕಾದಂಗ ಜೋಡಿಸ್ಕೊಳ್ಳೋ ಮಿಡಿ ಕಂಟ್ರೋಲರ್ ಯಾವ್ದು ಚಲೋ?

ಪ್ರಶ್ನೆ (ಹುಬ್ಬಳ್ಳಿ): ಏಬಲ್ಟನ್ ಲೈವ್ ಅನ್ನೋ ಸಂಗೀತ ಸಾಫ್ಟ್‌ವೇರ್‌ನ್ಯಾಗ ಸೆಟ್ ನುಡಸ್ತೀನ್ರಿ, ಅದನ್ನ ಕೈಲೆ ನಡಸೋ ನನ್ನ ಮಿಡಿ ಕಂಟ್ರೋಲರ್‌ನ್ಯಾಗ ಒತ್ತೋ ಪ್ಯಾಡ್ ಭಾಳ ಅದಾವು ಆದ್ರ ಮ್ಯಾಲ-ಕೆಳಗ ಸರಸೋ ಫೇಡರ್ ಒಂದೂ ಇಲ್ಲ, ಗಣೇಶ ಹಬ್ಬದಾಗ ಮೌಸ್‌ಲೆ ಫಿಲ್ಟರ್ ತಿರುವೋದ್ರಾಗ ಡ್ರಾಪ್ (ಬೀಟ್ ಜೋರಾಗಿ ಬೀಳೋ ಗಳಿಗಿ) ತಪ್ಪಿಹೋತು. ತಿರುವೋ ನಾಬ್, ಫೇಡರ್ ಬೇಕಾದಂಗ ಕೂಡಿಸೋದು ಏನರ ಐತೇನ್ರಿ?

ಉತ್ತರ (ಧಾರವಾಡ): ಇಂಟೆಕ್ ಸ್ಟುಡಿಯೋದ ಗ್ರಿಡ್ ನೋಡ್ರಿ ಅಣ್ಣಾರ. ಸಣ್ಣ ಚೌಕ ಮಾಡ್ಯೂಲ್, ಬಾಜೂಕ ಇಟ್ರ ಮ್ಯಾಗ್ನೆಟ್‌ಲೆ ಟಪ್ ಅಂತ ಕೂಡ್ತಾವು, ಎಲ್ಲಕ್ಕೂ ಒಂದ ಯುಎಸ್‌ಬಿ ಕೇಬಲ್. ಪಿಓ16 ಅನ್ನೋ ಮಾಡ್ಯೂಲ್ನ್ಯಾಗ 16 ನಾಬ್. ಯಾವ ಬಟನ್ ಏನ್ ಮಾಡ್ಬೇಕು ಅನ್ನೋದು ಲುವಾ ಅನ್ನೋ ಪ್ರೋಗ್ರಾಮ್ ಭಾಷಾದಾಗ ಬರೀಬಹುದು.

ಉತ್ತರ (ಗದಗ): ರೊಕ್ಕ ಕಡಿಮಿ ಇದ್ರ ನೀವ ಮಾಡ್ಕೋರಿ. ಆರ್ಡುಯಿನೋ ಲಿಯೊನಾರ್ಡೋ ಅನ್ನೋ ಸಣ್ಣ ಸರ್ಕ್ಯೂಟ್ ಬೋರ್ಡ್ ನೇರ ಯುಎಸ್‌ಬಿ ಮಿಡಿ ಆಗ್ತೇತಿ, ನಾಬ್ ಸಲುವಾಗಿ 10ಕೆ ಲೀನಿಯರ್ ಪಾಟ್ (ತಿರುವಿದಂಗ ಬದಲಾಗೋ ರೆಸಿಸ್ಟರ್) ಹಾಕ್ರಿ. ಮಿಡಿಗೆ ಹೋಗೋ ಅಂಕಿ ಬರೇ 0ರಿಂದ 127, ಕೈ ಬಿಟ್ರೂ 63-64 ನಡುವ ಕುಣೀತಿರ್ತೇತಿ, ಅದಕ್ಕ ಕೋಡ್‌ನ್ಯಾಗ ಸರಾಸರಿ ತಗೋರಿ.

ಹುಬ್ಬಳ್ಳಿ: ಮೊದಲ ನಾಕು ಪಾಟ್ ಬೆಸುಗಿ ಹಾಕಿ ನೋಡ್ತೀನ್ರಿ, ಭಾಳ ಉಪಕಾರ ಆತು.