ಸಹಾಯ ಬೇಕು: ಪಾಪಾಯ್ ಹೆಸರನ್ನು ಮುಖಪುಟದಲ್ಲಿ ಹಾಕಬಹುದೇ?

ನಮಸ್ಕಾರ, ನಾನು ಬಾಗಲಕೋಟೆಯವಳು. ಹೈಸ್ಕೂಲು, ಪಿಯುಸಿ ಮಕ್ಕಳಿಗಾಗಿ ಕಾದಂಬರಿಯೊಂದನ್ನು ಬರೆದಿದ್ದೇನೆ. ನಾಯಕ ಪಾಪಾಯ್, ಅಂದರೆ ಹಳೆಯ ಅಮೆರಿಕನ್ ಕಾಮಿಕ್ಸ್‌ನ ನಾವಿಕ. ನನ್ನ ಪಾಪಾಯ್ ನಗಿಸುವವನಲ್ಲ, ಒಂದು ಕಣ್ಣು ಹೋಗಿ, ಹಡಗಿನ ಕೆಲಸವೂ ತಪ್ಪಿ, ಬಂದರಿನಲ್ಲಿ ಕೂತ ನಾವಿಕ. ಕಥೆ ಹೇಳುವವಳು ಅವನ ಗೆಳತಿ ಆಲಿವ್. ಅವನು ತಿಂದು ಬಲ ಪಡೆಯುವ ಪಾಲಕ್ ಸೊಪ್ಪನ್ನು ಬೇಕೆಂದೇ ಬಿಟ್ಟಿದ್ದೇನೆ. 1929ರ ಮೊದಲ ಕಾಮಿಕ್ಸ್‌ನಲ್ಲಿ ಅದು ಇರಲೇ ಇಲ್ಲ, ಆಗ ಅವನು ಅದೃಷ್ಟದ ಕೋಳಿಯೊಂದರ ತಲೆ ಸವರಿ ಬದುಕಿಕೊಂಡವನು!

ಸೃಷ್ಟಿಕರ್ತ ಸೀಗರ್ ತೀರಿಕೊಂಡದ್ದು 1938ರಲ್ಲಿ. ನಮ್ಮ ಕಾಯ್ದೆಯಂತೆ ಲೇಖಕರು ತೀರಿಕೊಂಡ 60 ವರ್ಷಕ್ಕೆ ಕೃತಿಯ ಹಕ್ಕು (ಕಾಪಿರೈಟ್) ಮುಗಿಯುತ್ತದೆ. ಅಮೆರಿಕದಲ್ಲೂ ಆ ಮೊದಲ ರೂಪ 2025ರಿಂದ ಮುಕ್ತ. ಇದನ್ನೆಲ್ಲ ತೋರಿಸಿದರೂ ಪ್ರಕಾಶಕರು ‘ಟ್ರೇಡ್‌ಮಾರ್ಕ್ (ವ್ಯಾಪಾರದ ಹೆಸರಿನ ಹಕ್ಕು) ಬೇರೆ, ಅನುಮತಿ ಪತ್ರ ತನ್ನಿ’ ಎನ್ನುತ್ತಾರೆ. ಕೇಳಿದ ವಕೀಲರು ಹೊಲ-ಮನೆ ವ್ಯಾಜ್ಯ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಒಳಪುಟಗಳ ಬಗ್ಗೆ ನನಗೆ ಅಳುಕಿಲ್ಲ. ಪುಸ್ತಕದ ಶೀರ್ಷಿಕೆಯಲ್ಲೇ ‘ಪಾಪಾಯ್’ ಎಂದು ಹಾಕಬಹುದೇ, ಬೇರೆ ಹೆಸರಿಡಬೇಕೇ? ಇಂಥ ಪುಸ್ತಕ ಅಚ್ಚು ಹಾಕಿಸಿದವರು ದಯವಿಟ್ಟು ತಿಳಿಸಿ.