[ಪದಚರ್ಚೆ] ‘ಪ್ರಿವಲೆನ್ಸ್’ಗೆ ಕನ್ನಡ? ಲಸಿಕೆ ಬ್ಯಾನರಿಗೆ, ಇವತ್ತೇ ಬೇಕು

ಉಡುಪಿಯಿಂದ:
ನಮಸ್ಕಾರ. ಲಸಿಕೆ ಶಿಬಿರದ ಬ್ಯಾನರ್ ಸಂಜೆ ನಾಲ್ಕಕ್ಕೆ ಪ್ರಿಂಟಿಗೆ ಹೋಗಬೇಕು. ಡೆವಲಪ್‌ಮೆಂಟಲ್ ಡಿಸೆಬಿಲಿಟಿಯ ಪ್ರಿವಲೆನ್ಸ್ ಏರಿದ್ದಕ್ಕೆ ಲಸಿಕೆ ಕಾರಣವಲ್ಲ ಅಂತ ಮೂಲದಲ್ಲಿ ಉಂಟು. ಕೈಗೆ ಬಂದ ಅನುವಾದ: ‘ಮಕ್ಕಳ ಬೆಳವಣಿಗೆ ಕುಂಠಿತದ ಹರಡುವಿಕೆ ಲಸಿಕೆಯಿಂದಲ್ಲ’. ಸರಿ ಕಾಣುವುದಿಲ್ಲ. ಹತ್ತು ಪದದೊಳಗೆ ಆಗಬೇಕು.

ಮಣಿಪಾಲದಿಂದ:
ಎರಡು ಕಡೆ ತಪ್ಪಿದೆ ಮೇಡಂ. ‘ಹರಡುವಿಕೆ’ ತೆಗೆಯಲೇಬೇಕು. ದಡಾರ ಹರಡುತ್ತದೆ, ಡೆವಲಪ್‌ಮೆಂಟಲ್ ಡಿಸೆಬಿಲಿಟಿಗಳಲ್ಲಿ ಒಂದಾದ ಆಟಿಸಂ ಹರಡುವುದಿಲ್ಲ. ಇದನ್ನು ಓದಿದ ತಾಯಿ ಅಂಗನವಾಡಿಯಲ್ಲಿ ಅಂಥ ಮಗುವಿನ ಪಕ್ಕ ತನ್ನ ಮಗುವನ್ನು ಕೂರಿಸಲಿಕ್ಕಿಲ್ಲ. ಇನ್ನು ‘ಬೆಳವಣಿಗೆ ಕುಂಠಿತ’ ಎಂದರೆ ತೂಕ, ಎತ್ತರ ಕಮ್ಮಿ ಎಂದೇ ಎಲ್ಲರೂ ತಿಳಿಯುವುದು. ತಾಯಿ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆಯ ಗೆರೆ ತೋರಿಸುವುದೂ ಅದನ್ನೇ. ಇಲ್ಲಿ ವಿಷಯ ಮಾತು, ಕಲಿಕೆ, ಒಡನಾಟ. ಅದಕ್ಕೆ ‘ವಿಕಾಸ’. ಪ್ರಿವಲೆನ್ಸ್ ಎಂದರೆ ಒಂದು ಹೊತ್ತಿನಲ್ಲಿ ಇಂತಿಷ್ಟು ಮಂದಿಯಲ್ಲಿ ಎಷ್ಟು ಜನಕ್ಕೆ ಇದೆ ಎಂಬ ಲೆಕ್ಕ, ‘ಪ್ರಮಾಣ’ ಸಾಕು. ‘ದರ’ ಬೇಡ, ಲಸಿಕೆಗೆ ದುಡ್ಡು ಕೊಡಬೇಕೇನೋ ಅಂದುಕೊಳ್ಳುತ್ತಾರೆ.

ಮೂಡುಬಿದಿರೆಯಿಂದ:
ಮೊದಲು ‘ಲಸಿಕೆ’ ಬಿಡಿ. ಸಂಸ್ಕೃತದ ಲಸೀಕಾ ಎಂದರೆ ಮೈಯೊಳಗಿನ ನೀರುರಸ. ಸಿಡುಬಿಗೆ ದನದ ಬೊಕ್ಕೆಯ ರಸ ಹಾಕುತ್ತಿದ್ದ ಕಾಲಕ್ಕೆ ಹೊಂದುತ್ತಿತ್ತು. ಈಗ ‘ಚುಚ್ಚುಮದ್ದು’ ಎನ್ನಿ.

ಮಣಿಪಾಲದಿಂದ:
ಪೋಲಿಯೊ, ರೋಟಾ ಬಾಯಿಗೆ ಹಾಕುವಂಥವು. ಚುಚ್ಚುವುದೆಲ್ಲಿ ಭಟ್ರೇ? ಲಸಿಕೆ ಮನೆಮಾತಾಗಿದೆ, ಕೆದಕಬೇಡಿ.

ಕದ್ರಿಯಿಂದ:
‘ಏರಿದೆ’ ಎಂಬ ಕ್ರಿಯಾಪದವನ್ನು ಯಾರೂ ನೋಡಲೇ ಇಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ 8 ವರ್ಷದ ಮಕ್ಕಳ ಆಟಿಸಂ 2000ದಲ್ಲಿ 150ಕ್ಕೆ ಒಂದು, 2022ರಲ್ಲಿ 31ಕ್ಕೆ ಒಂದು. ಈ ನಡುವೆ ತಪಾಸಣೆ ಹೆಚ್ಚಿತು. 2013ರಲ್ಲಿ ಆಟಿಸಂನ ವ್ಯಾಖ್ಯೆ ಬದಲಾಗಿ, ಅಲ್ಲಿವರೆಗೆ ಬೇರೆಯಾಗಿ ಗುರುತಿಸುತ್ತಿದ್ದ ಆಸ್ಪರ್ಗರ್ ಕೂಡ ಅದೇ ಹೆಸರಿನೊಳಗೆ ಬಂತು. ಮುಂಚೆ ಬುದ್ಧಿಮಾಂದ್ಯ ಎಂದಷ್ಟೇ ಬರೆಯುತ್ತಿದ್ದ ಎಷ್ಟೋ ಮಕ್ಕಳಿಗೆ ಈಗ ಆಟಿಸಂ ಎಂದು ಬರೆಯುತ್ತಾರೆ. ಆದ್ದರಿಂದ ‘ಹೆಚ್ಚು ಗುರುತಾಗುತ್ತಿದೆ’ ಎನ್ನಿ. ಹಾಗೆಯೇ ‘ಆಟಿಸಂ’ ಎಂದೇ ಹೆಸರಿಸಿ, ಅಧ್ಯಯನ ನಡೆದದ್ದು ಅದರ ಮೇಲೆ. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 6,57,461 ಮಕ್ಕಳಿದ್ದರು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಈ ಲಸಿಕೆಯಿಂದ ಆಟಿಸಂ ಎಂಬ ಶಂಕೆ ಹಬ್ಬಿಸಿದ 1998ರ ಲೇಖನದಲ್ಲಿ ಇದ್ದದ್ದು 12 ಮಕ್ಕಳು, ಅದನ್ನೂ ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು.

ಇನ್ನೊಂದು. ಶಿಬಿರದ ಕರಪತ್ರದಲ್ಲಿ ‘ಲಸಿಕೆ ಹಾಕಿದ ಮೇಲೆ ಆಟಿಸಂ ಕಂಡರೆ’ ಎಂದು ಎಲ್ಲೂ ಬರಬಾರದು. ನಮ್ಮ ‘ಮೇಲೆ’ ಕಾಲ, ಕಾರಣ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತದೆ: ಮಳೆ ಬಂದ ಮೇಲೆ ಗದ್ದೆ ತುಂಬಿತು. ನಮ್ಮಲ್ಲಿ ಹಾಕುವ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ. ಮಗುವಿಗೆ ಮಾತು ಬರಲಿಲ್ಲ, ಕರೆದರೆ ತಿರುಗುವುದಿಲ್ಲ ಎಂದು ಮನೆಯವರ ಗಮನಕ್ಕೆ ಬರುವುದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಮಗು ಕಿವುಡಾಗಿ, ಕಣ್ಣಿನ ಪೊರೆಯೊಂದಿಗೆ ಹುಟ್ಟಬಹುದು. ಅದನ್ನು ತಡೆಯುವುದೇ ಈ ಎಂಆರ್. ಕರಪತ್ರದಲ್ಲಿ ಇದಕ್ಕೆ ಜಾಗ ಕೊಡಿ.

ಮೂಡುಬಿದಿರೆಯಿಂದ:
ವಿಕಾಸ, ಪ್ರಮಾಣ ಸಂಸ್ಕೃತ, ಆಟಿಸಂ ಇಂಗ್ಲಿಷ್. ಕನ್ನಡ ಎಲ್ಲಿ ಉಳಿಯಿತು? ‘ತನ್ನೊಳಗಿರುವಿಕೆ’ ಆಗದೇ?

ಕದ್ರಿಯಿಂದ:
ಆಗದು. ಆಟಿಸಂಗೆ ಈಗಾಗಲೇ ಇರುವ ‘ಸ್ವಲೀನತೆ’ಗೂ ಇದೇ ದೋಷ, ಮಗು ಬೇಕೆಂದೇ ತನ್ನೊಳಗೆ ಮುಳುಗಿದೆ ಎಂದು ಕೇಳಿಸುತ್ತದೆ. ಪೋಲಿಯೊಗೆ ಯಾರೂ ಕನ್ನಡ ಹುಡುಕಲಿಲ್ಲ, ಹನಿ ಹಾಕಿಸುವುದು ತಪ್ಪಲಿಲ್ಲ.

ಉಡುಪಿಯಿಂದ:
ಹೀಗೆ ಮಾಡಿದ್ದೇನೆ: ‘ಆಟಿಸಂ ಈಗ ಹೆಚ್ಚು ಗುರುತಾಗುತ್ತಿದೆ. ಅದಕ್ಕೂ ಲಸಿಕೆಗೂ ಸಂಬಂಧವಿಲ್ಲ.’

ಮೂಡುಬಿದಿರೆಯಿಂದ:
‘ನಂಟಿಲ್ಲ’ ಎನ್ನಿ.

ಉಡುಪಿಯಿಂದ:
ಚೆನ್ನಾಗಿದೆ ಭಟ್ರೇ, ಅಕ್ಷರವೂ ಕಮ್ಮಿಯಾಯಿತು. ‘ನಂಟಿಲ್ಲ’ ಎಂದೇ ಕಳಿಸಿದೆ.